ಹ್ಯಾಂಗ್ ಗ್ಲೈಡಿಂಗ್ ಕಲಿಯುವುದು ಹೇಗೆ: ಮೈದಾನದ ಓಟದಿಂದ ಮೊದಲ ಎತ್ತರದ ಹಾರಾಟದವರೆಗೆ

ಎಂಜಿನ್ ಇಲ್ಲದ ಬಟ್ಟೆಯ ರೆಕ್ಕೆಯ ಕೆಳಗೆ ತೂಗಿಕೊಂಡು ಹಾರುವ ಹ್ಯಾಂಗ್ ಗ್ಲೈಡಿಂಗ್ ಎಂದೊಡನೆ ಹೆಚ್ಚಿನವರು ಹೆದರುವುದು ಎತ್ತರಕ್ಕೆ. ಆದರೆ ಅನುಭವಿ ಪೈಲಟ್‌ಗಳು ಎಚ್ಚರದಿಂದಿರುವುದು ನೆಲದ ಹತ್ತಿರ ಬಂದಾಗ. ಮುನ್ನೂರು ಮೀಟರ್ ಮೇಲೆ ಒಂದು ತಪ್ಪಾದರೆ ಅದನ್ನು ಗುರುತಿಸಿ ಸರಿಪಡಿಸಿಕೊಳ್ಳಲು ಕಾಲಾವಕಾಶ ಇರುತ್ತದೆ. ಹತ್ತು ಮೀಟರ್ ಮೇಲೆ ಅದೇ ತಪ್ಪಿಗೆ ಒಂದೆರಡು ಸೆಕೆಂಡೂ ಉಳಿದಿರುವುದಿಲ್ಲ. ಈ ಕ್ರೀಡೆಯಲ್ಲಿ ಪೆಟ್ಟಾಗುವುದು ಬಹುಪಾಲು ಟೇಕಾಫ್ ಮತ್ತು ಲ್ಯಾಂಡಿಂಗ್‌ನಲ್ಲಿ. ನಡುವಿನ ಹಾರಾಟ ಅವೆರಡಕ್ಕಿಂತ ಸುಲಭ. ಹಾಗಾಗಿ ಓಡುವುದನ್ನೂ ಇಳಿಯುವುದನ್ನೂ ಮೈಗೂಡಿಸಿಕೊಂಡ ಮೇಲೆಯೇ ಎತ್ತರಕ್ಕೆ ಹೋಗಬೇಕು. ಈ ಬರಹದ ಕ್ರಮವೂ ಅದೇ.

ಇದನ್ನು ಓದಿ ಯಾರೂ ಒಬ್ಬರೇ ಗುಡ್ಡ ಹತ್ತಬಾರದು. ಬೋಧಕರಿಲ್ಲದೆ ಹ್ಯಾಂಗ್ ಗ್ಲೈಡಿಂಗ್ ಕಲಿಯುವ ಸುರಕ್ಷಿತ ದಾರಿ ಇಲ್ಲವೇ ಇಲ್ಲ. ಶಾಲೆಗೆ ಹೋದಾಗ ಏನನ್ನು ಗಮನಿಸಬೇಕು, ಯಾವ ಹಂತದಲ್ಲಿ ಯಾವುದರ ಮೇಲೆ ಬೆವರು ಸುರಿಸಬೇಕು ಎಂಬುದು ಮೊದಲೇ ತಿಳಿದಿದ್ದರೆ ಕಲಿಕೆ ಸುಗಮವಾಗುತ್ತದೆ, ಅಷ್ಟೇ.

ರೆಕ್ಕೆ ಮಾತು ಕೇಳುವುದು ಹೇಗೆ

ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ 1891ರಿಂದ ಐದು ವರ್ಷಗಳ ಕಾಲ ತಾವೇ ಕಟ್ಟಿದ ರೆಕ್ಕೆಗಳಲ್ಲಿ ಎರಡು ಸಾವಿರದಷ್ಟು ಸಲ ತೇಲಿದರು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದಕ್ಕೆ ಎದುರಾಗಿ ಓಡಲು ಸಾಧ್ಯವಾಗಲಿ ಎಂದು ಬರ್ಲಿನ್ ಬಳಿ ಶಂಕುವಿನಾಕಾರದ ಒಂದು ದಿಬ್ಬವನ್ನೇ ಕಟ್ಟಿಸಿಕೊಂಡರು. ತರಬೇತಿ ದಿಬ್ಬ ಎಂಬ ಕಲ್ಪನೆ ಅಷ್ಟು ಹಳೆಯದು. 1896ರ ಆಗಸ್ಟ್‌ನಲ್ಲಿ ಅವರ ಗ್ಲೈಡರ್ ಗಾಳಿಯಲ್ಲಿ ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ಕೆಳಗೆ ಬಿತ್ತು. ಮರುದಿನ ಅವರು ತೀರಿಕೊಂಡರು. ತೋಳುಗಳ ಮೇಲೆ ಭಾರ ಹಾಕಿ ಕಾಲು ಬೀಸಿ ಸಮತೋಲ ಕಾಯ್ದುಕೊಳ್ಳುತ್ತಿದ್ದ ಅವರಿಗೆ ರೆಕ್ಕೆಯ ಮೇಲೆ ಸಾಕಷ್ಟು ಹಿಡಿತ ಇರಲಿಲ್ಲ. ಆ ಕೊರತೆಯನ್ನು ನೀಗಿಸಿದ್ದು 1963ರಲ್ಲಿ ಆಸ್ಟ್ರೇಲಿಯಾದ ಜಾನ್ ಡಿಕೆನ್ಸನ್ ರೂಪಿಸಿದ ತ್ರಿಕೋನ ಚೌಕಟ್ಟು. ಪೈಲಟ್ ಒಂದು ಪಟ್ಟಿಯಿಂದ ರೆಕ್ಕೆಯ ಕೆಳಗೆ ತೂಗಾಡುತ್ತಾನೆ, ಮುಂದಿರುವ ಅಡ್ಡಪಟ್ಟಿಯನ್ನು (ಬಾರ್) ಹಿಡಿದು ತನ್ನ ದೇಹದ ಭಾರವನ್ನು ಅತ್ತಿತ್ತ ಸರಿಸುತ್ತಾನೆ. ಇಂದಿನ ಪ್ರತಿ ಹ್ಯಾಂಗ್ ಗ್ಲೈಡರ್‌ನಲ್ಲೂ ಇರುವುದು ಇದೇ ವ್ಯವಸ್ಥೆ.

ಬಾರ್ ಅನ್ನು ಎದೆಯ ಕಡೆಗೆ ಎಳೆದುಕೊಂಡರೆ ದೇಹದ ಭಾರ ಮುಂದಕ್ಕೆ ಬರುತ್ತದೆ, ಗ್ಲೈಡರ್‌ನ ಮೂಗು ತಗ್ಗುತ್ತದೆ, ವೇಗ ಹೆಚ್ಚುತ್ತದೆ. ದೂರ ತಳ್ಳಿದರೆ ಮೂಗು ಏಳುತ್ತದೆ, ವೇಗ ಇಳಿಯುತ್ತದೆ. ಎಡಕ್ಕೆ ಹೋಗಬೇಕಾದರೆ ದೇಹವನ್ನು ಎಡಕ್ಕೆ ಸರಿಸಬೇಕು. ಸೈಕಲ್ ಹ್ಯಾಂಡಲ್‌ನಂತೆ ಬಾರ್ ತಿರುಗಿಸಲು ಹೊರಟರೆ ಭುಜ ಮಾತ್ರ ತಿರುಚಿಕೊಳ್ಳುತ್ತದೆ, ಸೊಂಟ ಅಲ್ಲೇ ಉಳಿಯುತ್ತದೆ, ಗ್ಲೈಡರ್ ಮಿಸುಕುವುದಿಲ್ಲ. ಹೊಸಬರಲ್ಲಿ ಇದು ಅತಿ ಸಾಮಾನ್ಯ. ಪಾದಗಳನ್ನು ಮೊದಲು ಆ ಬದಿಗೆ ಒಯ್ಯಿರಿ. ಸೊಂಟ ತಾನಾಗಿ ಹಿಂಬಾಲಿಸುತ್ತದೆ.

ಇನ್ನು ಸ್ಟಾಲ್. ಬಾರ್ ಅನ್ನು ಅತಿಯಾಗಿ ತಳ್ಳಿದಾಗ ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಮಿತಿ ಮೀರುತ್ತದೆ. ಎತ್ತುವ ಬಲ ಕುಸಿದು ಮೂಗು ಕೆಳಕ್ಕೆ ವಾಲುತ್ತದೆ. ನೆಲ ಹತ್ತಿರ ಬಂದಂತೆ ಕಂಡಾಗ ಮನುಷ್ಯನ ಕೈ ಸಹಜವಾಗಿ ಬಾರ್ ಅನ್ನು ದೂರ ತಳ್ಳುತ್ತದೆ, ಅಂದರೆ ಅಪಾಯದ ಕ್ಷಣದಲ್ಲಿ ನಮ್ಮ ಸಹಜ ಪ್ರವೃತ್ತಿಯೇ ವೇಗವನ್ನು ಕೊಲ್ಲುತ್ತದೆ. ತಗ್ಗಿನ ದಿಬ್ಬದಲ್ಲಿ ಮತ್ತೆ ಮತ್ತೆ ಓಡಿಸುವುದು ಈ ಪ್ರವೃತ್ತಿಯನ್ನು ಅಳಿಸುವುದಕ್ಕಾಗಿಯೇ. ಓದಿ ತಿಳಿದುಕೊಂಡವರ ಕೈಯೂ ಮೊದಲ ದಿನ ಹಾಗೆಯೇ ತಳ್ಳುತ್ತದೆ.

ಶಾಲೆ ಆರಿಸಿಕೊಳ್ಳುವಾಗ

ಹಣ ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಹೋಗಿ ತರಗತಿಯನ್ನು ನೋಡಿ. ಬೋಧಕರಿಗೆ ರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಅದಕ್ಕಿಂತಲೂ ಹೆಚ್ಚು ಹೇಳುವುದು ಅವರ ನಡವಳಿಕೆ. ಗಾಳಿ ಕೆಟ್ಟಾಗ ತರಗತಿಯನ್ನು ಅಲ್ಲಿಗೇ ನಿಲ್ಲಿಸುತ್ತಾರೆಯೇ? ಪ್ರತಿ ಓಟಕ್ಕೂ ಮೊದಲು ವಿದ್ಯಾರ್ಥಿಯನ್ನು ಗ್ಲೈಡರ್‌ಗೆ ಸಿಕ್ಕಿಸುವ ಹುಕ್ ನೋಡುತ್ತಾರೆಯೇ? ಗ್ಲೈಡರ್‌ಗಳ ಬಾರ್‌ಗೆ ಚಕ್ರಗಳಿವೆಯೇ? ಒಬ್ಬ ವಿದ್ಯಾರ್ಥಿ ದಣಿದಾಗ ಕೂರಿಸಿ ನೀರು ಕೊಡುತ್ತಾರೋ, ಇನ್ನೊಂದು ಸಲ ಎಂದು ಹುರಿದುಂಬಿಸುತ್ತಾರೋ? ಭಾರದ ರೆಕ್ಕೆ ಹೊತ್ತು ದಿಬ್ಬ ಹತ್ತಿ ಹತ್ತಿ ಕಾಲು ಸೋತವನು ಓಟದ ಕೊನೆಯ ಎರಡು ಹೆಜ್ಜೆಯಲ್ಲಿ ಎಡವುತ್ತಾನೆ. ಒಳ್ಳೆಯ ಬೋಧಕರು ಅದನ್ನು ನಿಮಗಿಂತ ಮೊದಲೇ ಗುರುತಿಸುತ್ತಾರೆ.

ಕಲಿಸುವ ದಾರಿಗಳು ಮೂರು. ತಗ್ಗಿನ ದಿಬ್ಬದಿಂದ ಓಡಿ ತೇಲುವುದು ಒಂದು. ಹಗ್ಗ ಸುತ್ತಿಕೊಳ್ಳುವ ಯಂತ್ರವಾದ ವಿಂಚ್‌ನ ಹಗ್ಗದಿಂದ ಮೈದಾನದಲ್ಲಿ ನಿಧಾನವಾಗಿ, ತಗ್ಗಿನಲ್ಲಿ ಎಳೆಸಿಕೊಳ್ಳುವುದು ಇನ್ನೊಂದು. ಬೋಧಕರ ಜೊತೆ ಇಬ್ಬರು ಹಾರುವ ಟ್ಯಾಂಡಮ್ ಗ್ಲೈಡರ್‌ನಲ್ಲಿ ಹಗುರ ವಿಮಾನದ ಹಿಂದೆ ಮೇಲೇರುವುದು ಮೂರನೆಯದು. ಟ್ಯಾಂಡಮ್‌ನಲ್ಲಿ ಗಾಳಿಯ ಪರಿಚಯ ಬೇಗ ಆಗುತ್ತದೆ, ತಿರುವುಗಳು ಮತ್ತು ಸ್ಟಾಲ್ ಎಲ್ಲವನ್ನೂ ಎತ್ತರದಲ್ಲಿ ನಿರಾಳವಾಗಿ ಅಭ್ಯಾಸ ಮಾಡಬಹುದು. ಆದರೆ ಸ್ವಂತ ಕಾಲಿನ ಮೇಲೆ ಓಡಿ ಏರುವುದನ್ನು, ಕಾಲಿನ ಮೇಲೆ ಇಳಿಯುವುದನ್ನು ಅದು ಕಲಿಸುವುದಿಲ್ಲ. ದಿಬ್ಬದ ಜೊತೆಗೆ ಟ್ಯಾಂಡಮ್ ಸೇರಿದರೆ ಅತ್ಯುತ್ತಮ. ಒಂದನ್ನೇ ಆರಿಸಬೇಕೆಂದರೆ ನನ್ನ ಮತ ದಿಬ್ಬಕ್ಕೆ.

ಸಲಕರಣೆ

ಮೊದಲ ದಿನಗಳಲ್ಲಿ ಎಲ್ಲವನ್ನೂ ಶಾಲೆಯೇ ಕೊಡುತ್ತದೆ, ಕೊಳ್ಳುವ ಆತುರ ಬೇಡ. ಹಳೆಯ ಸ್ಪರ್ಧಾ ಗ್ಲೈಡರ್ ಅಗ್ಗಕ್ಕೆ ಸಿಕ್ಕಿತೆಂದು ತಂದುಕೊಂಡರೆ ಆಪತ್ತನ್ನು ಮನೆಗೆ ಕರೆತಂದಂತೆ. ಕಲಿಯುವವರಿಗೆ ಬೇಕಾದದ್ದು ಒಂದೇ ಪದರದ ಬಟ್ಟೆಯ, ನಿಧಾನವಾಗಿ ಹಾರುವ, ತಪ್ಪುಗಳನ್ನು ಸಹಿಸುವ ಗ್ಲೈಡರ್. ಅದರ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋ. ಗಂಟೆಗೆ ಸುಮಾರು 30 ಕಿ.ಮೀ. ವೇಗದ ಆಸುಪಾಸಿನಲ್ಲೂ ಹಾರುತ್ತಿರುತ್ತದೆ. ನಿಮ್ಮ ದೇಹತೂಕಕ್ಕೆ ಹೊಂದುವ ಅಳತೆಯದೇ ಇರಬೇಕು: ಚಿಕ್ಕದಾದರೆ ವೇಗವಾಗಿ ಓಡಬೇಕಾಗುತ್ತದೆ, ದೊಡ್ಡದಾದರೆ ಭಾರ ಸರಿಸಿದರೂ ಮಾತು ಕೇಳುವುದಿಲ್ಲ.

ಹೆಲ್ಮೆಟ್ ಗಾಳಿಕ್ರೀಡೆಗಳಿಗಾಗಿ ಮಾಡಿದ್ದಿರಲಿ. ಇಎನ್ 966 ಎಂಬ ಮಾನದಂಡದ ಗುರುತು ನೋಡಿ. ಪಾದದ ಗಂಟು ಮುಚ್ಚುವ ಬೂಟು, ತೆಳು ಕೈಗವಸು, ಉದ್ದ ತೋಳಿನ ಅಂಗಿ. ಎತ್ತರದ ಹಾರಾಟ ಶುರುವಾದ ದಿನದಿಂದ ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್‌ನಲ್ಲಿ ತುರ್ತು ಪ್ಯಾರಾಚೂಟ್ ಇರಲೇಬೇಕು. ಚಕ್ರಗಳನ್ನು ಕಲಿಕೆಯ ಗುರುತೆಂದು ನಾಚಿಕೊಂಡು ಬಿಚ್ಚಿಸುವವರಿದ್ದಾರೆ. ಇಳಿಯುವಾಗ ಸಮಯ ತಪ್ಪಿ ಬಾರ್ ನೆಲಕ್ಕೆ ತಾಗಿದರೆ ಚಕ್ರವಿರುವ ಗ್ಲೈಡರ್ ಉರುಳಿಕೊಂಡು ನಿಲ್ಲುತ್ತದೆ. ಚಕ್ರವಿಲ್ಲದ್ದು ಮೂಗು ನೆಟ್ಟು ಪೈಲಟ್‌ನನ್ನು ಮುಂದಕ್ಕೆ ಬೀಸುತ್ತದೆ. ದಯವಿಟ್ಟು ಬಿಚ್ಚಿಸಬೇಡಿ.

ಜೋಡಣೆ ಮತ್ತು ತಪಾಸಣೆ

ಗ್ಲೈಡರ್ ಬಿಚ್ಚಿ ಜೋಡಿಸುವುದನ್ನು ಮೊದಲ ದಿನದಿಂದಲೇ ನಿಮ್ಮ ಕೈಯಿಂದ ಮಾಡಿ. ಜೋಡಿಸಿದ ಮೇಲೆ ಮೂಗಿನಿಂದ ಹೊರಟು ಒಂದು ಸುತ್ತು ಬನ್ನಿ, ಪ್ರತಿ ಸಲವೂ ಅದೇ ದಿಕ್ಕಿನಲ್ಲಿ. ಮೂಗಿನ ತಂತಿಗಳು ಸರಿಯಾಗಿ ಕೂತಿವೆಯೇ, ರೆಕ್ಕೆಯ ಮುಂದಿನ ಅಂಚಿನ ಕೊಳವೆಗಳಲ್ಲಿ ತಗ್ಗು ಬಿದ್ದಿಲ್ಲವೇ, ಬಟ್ಟೆಗೆ ಆಕಾರ ಕೊಡುವ ಎರಡೂ ಬದಿಯ ಬ್ಯಾಟನ್ ಕಡ್ಡಿಗಳ ಬಾಗು ಒಂದೇ ಥರ ಇದೆಯೇ, ಅಡ್ಡಕೊಳವೆಯ ಜೋಡಣೆ ಗಟ್ಟಿಯಾಗಿದೆಯೇ, ಬೋಲ್ಟ್‌ಗಳಿಗೆ ಸುರಕ್ಷತಾ ಪಿನ್ ಇದೆಯೇ, ತೂಗುಪಟ್ಟಿ ಮತ್ತು ಅದರ ಜೊತೆಯ ಹೆಚ್ಚುವರಿ ಪಟ್ಟಿ ಸವೆದಿಲ್ಲವೇ. ಬದಿಯ ತಂತಿಗಳ ತುದಿಗಳನ್ನು ವಿಶೇಷವಾಗಿ ನೋಡಿ. ತಂತಿ ಲೋಹದ ತೋಳಿನೊಳಗೆ ಸೇರುವ ಜಾಗದಲ್ಲೇ ಅದು ಮತ್ತೆ ಮತ್ತೆ ಬಾಗಿ ದಣಿಯುವುದು. ಅಲ್ಲಿ ಕೂದಲಿನಷ್ಟು ತೆಳುವಾದ ಒಂದು ಎಳೆ ತುಂಡಾಗಿ ಎದ್ದಿದ್ದರೂ ಆ ತಂತಿ ಬದಲಾಗಬೇಕು. ಬರಿಬೆರಳಿನಿಂದ ಸವರಿದರೆ ಆ ಎಳೆ ಚುಚ್ಚುತ್ತದೆ. ಹತ್ತಿ ಬಟ್ಟೆಯಿಂದ ಸವರಿದರೆ ಎಳೆಗೆ ಸಿಕ್ಕಿಕೊಂಡು ತಾನೇ ತೋರಿಸುತ್ತದೆ.

ಸುತ್ತಿನ ನಡುವೆ ಯಾರಾದರೂ ಮಾತನಾಡಿಸಿದರೆ ಉತ್ತರ ಕೊಟ್ಟು ಮೂಗಿನಿಂದ ಮತ್ತೆ ಆರಂಭಿಸಿ. ಇದನ್ನು ಒರಟುತನವೆಂದು ಯಾವ ಪೈಲಟ್ ಕೂಡ ಭಾವಿಸುವುದಿಲ್ಲ.

ಮೈದಾನದಲ್ಲಿ ಓಟ

ಹಾರುವುದಕ್ಕೆ ಬಹಳ ಮೊದಲೇ ಸಪಾಟು ನೆಲದಲ್ಲಿ ಗ್ಲೈಡರ್ ಹೊತ್ತು ಓಡಬೇಕು. ಹೆಗಲ ಮೇಲೆ ಎತ್ತಿಕೊಂಡು ನಿಂತಾಗಲೇ ಗಾಳಿ ರೆಕ್ಕೆಯೊಡನೆ ಆಟವಾಡಲು ತೊಡಗುತ್ತದೆ: ಮೂಗು ಗಾಳಿಗೆ ನೇರವಿದ್ದರೆ ಹಗುರ, ಸ್ವಲ್ಪ ಓರೆಯಾದರೂ ಒಂದು ರೆಕ್ಕೆ ಏಳುತ್ತದೆ. ಮೂಗಿನ ಮಟ್ಟವನ್ನು ಹಿಡಿದಿಡುವುದೇ ಇಲ್ಲಿನ ಮುಖ್ಯ ಪಾಠ. ಹೆಚ್ಚು ಎತ್ತಿದರೆ ಗ್ಲೈಡರ್ ನಿಮ್ಮನ್ನು ಹಿಂದಕ್ಕೆ ಜಗ್ಗುತ್ತದೆ, ಓಟಕ್ಕೆ ವೇಗವೇ ಬರುವುದಿಲ್ಲ. ಹೆಚ್ಚು ತಗ್ಗಿಸಿದರೆ ರೆಕ್ಕೆ ಏಳದೆ ಮುಂದಕ್ಕೆ ಒತ್ತುತ್ತದೆ.

ನಡಿಗೆ, ಜಾಗಿಂಗ್, ಆಮೇಲೆ ಪೂರ್ಣ ಓಟ. ಮೊದಲ ಹೆಜ್ಜೆಯಲ್ಲೇ ಧಡಕ್ಕನೆ ಹಾರಬಾರದು. ಎರಡು ಮೂರು ಹೆಜ್ಜೆ ಹಾಕುವಷ್ಟರಲ್ಲಿ ಗ್ಲೈಡರ್ ಹೆಗಲಿನಿಂದ ಎದ್ದು ತನ್ನ ಭಾರವನ್ನು ತಾನೇ ಹೊರುತ್ತದೆ. ಇನ್ನೆರಡು ಹೆಜ್ಜೆಗೆ ಹಾರ್ನೆಸ್‌ನ ಪಟ್ಟಿಗಳು ಬಿಗಿಯಾಗಿ ನಿಮ್ಮನ್ನು ಮೇಲಕ್ಕೆ ಸೆಳೆಯಲು ಶುರುಮಾಡುತ್ತವೆ. ಆ ಸೆಳೆತದ ಕ್ಷಣದಲ್ಲಿ ಕೈ ಸಡಿಲವಾಗಿರಬೇಕು, ಕಣ್ಣು ದೂರದ ಒಂದು ಗುರಿಯ ಮೇಲಿರಬೇಕು, ಕಾಲು ಓಡುತ್ತಲೇ ಇರಬೇಕು. ಪಟ್ಟಿ ಬಿಗಿದ ಕೂಡಲೇ ಕಾಲು ಮಡಚಿಕೊಂಡು ಕುಳಿತುಬಿಡುವುದು ಹೊಸಬರ ಪ್ರಸಿದ್ಧ ತಪ್ಪು. ಗ್ಲೈಡರ್‌ಗೆ ಇನ್ನೂ ವೇಗ ಬಂದಿರುವುದಿಲ್ಲ, ಮೊಣಕಾಲು ನೆಲಕ್ಕೆ ಬಡಿಯುತ್ತದೆ. ಕಾಲಿನ ಕೆಳಗೆ ನೆಲ ಇಲ್ಲವಾದ ಮೇಲೂ ಗಾಳಿಯಲ್ಲಿ ನಾಲ್ಕು ಹೆಜ್ಜೆ ಓಡಿ ಎಂದು ಬೋಧಕರು ಕೂಗುವುದು ಅದಕ್ಕೇ.

ಕಣ್ಣಿನ ವಿಚಾರವನ್ನು ಇನ್ನೊಮ್ಮೆ ಹೇಳಬೇಕು. ನೋಡಿದ ಕಡೆಗೆ ಗ್ಲೈಡರ್ ಹೋಗುತ್ತದೆ. ಮೈದಾನದಲ್ಲಿ ಒಂದೇ ಒಂದು ಪೊದೆಯಿದ್ದು ಅದಕ್ಕೆ ಡಿಕ್ಕಿಯಾದೀತೆಂದು ಅದನ್ನೇ ದಿಟ್ಟಿಸಿದವರು ನೇರ ಅದಕ್ಕೇ ಹೋಗಿ ಬೀಳುತ್ತಾರೆ. ತಪ್ಪಿಸಬೇಕಾದದ್ದನ್ನು ಬಿಟ್ಟು ಹೋಗಬೇಕಾದ ಖಾಲಿ ಜಾಗವನ್ನು ನೋಡಿ.

ದಿಬ್ಬದ ಮೇಲೆ

ಮೊದಲು ಇಳಿಜಾರಿನ ಕೆಳಭಾಗದಿಂದ ಓಡಬೇಕು. ಪಾದ ನೆಲದಿಂದ ಮೊಣಕಾಲೆತ್ತರ ಬಿಟ್ಟಿರುತ್ತದೆ, ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ಅದು ನೇರವಾಗಿ, ರೆಕ್ಕೆ ಸಮವಾಗಿ, ಸರಿಯಾದ ವೇಗದಲ್ಲಿ ಸತತವಾಗಿ ಬಂದ ಮೇಲೆ ಬೋಧಕರು ಕೆಲವು ಹೆಜ್ಜೆ ಮೇಲಕ್ಕೆ ಕರೆದೊಯ್ಯುತ್ತಾರೆ. ಒಂದು ಸಲ ಚೆನ್ನಾಗಿ ಬಂದರೆ ಸಾಲದು. ಅದೃಷ್ಟವೂ ಒಂದು ಸಲ ಒಲಿಯುತ್ತದೆ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ ಎಫ್‌ಎಐ ಕಲಿಕೆಯನ್ನು ಐದು ಹಂತಗಳಾಗಿ ವಿಂಗಡಿಸಿದೆ. ಮೊದಲನೆಯದು ನೆಲಕ್ಕೆ ತಾಗಿದಂತೆ, ಬಿದ್ದರೂ ಸಹಿಸಬಹುದಾದ ಎತ್ತರದಲ್ಲಿ, ಅಂದರೆ ಸುಮಾರು 5 ಮೀಟರ್‌ನೊಳಗೆ ತೇಲುವುದು. ಎರಡನೆಯದು 50 ಮೀಟರ್‌ಗಿಂತ ಮೇಲೆ, ತಪ್ಪು ತಿದ್ದಿಕೊಳ್ಳಲು ಅವಕಾಶವಿರುವ ಎತ್ತರದ ಹಾರಾಟ. ಇವೆರಡರ ನಡುವಿನ ಪಟ್ಟಿಯನ್ನು ಗಮನಿಸಿ: ಬಿದ್ದರೆ ಪೆಟ್ಟಾಗುವಷ್ಟು ಎತ್ತರ, ಸರಿಪಡಿಸಿಕೊಳ್ಳಲು ಸಾಲದಷ್ಟು ತಗ್ಗು. ಕಲಿಯುವವರು ಅಲ್ಲಿ ಸುಮ್ಮನೆ ಸುತ್ತಾಡುವಂತಿಲ್ಲ.

ಎಡವಿ ಬೀಳುವುದು ಕಲಿಕೆಯಲ್ಲಿ ಇದ್ದದ್ದೇ. ಬೀಳುವಾಗ ಕೈ ಚಾಚಿ ನೆಲವನ್ನು ತಡೆಯಲು ಹೋಗಬೇಡಿ, ಮುಂಗೈ ಮುರಿಯುವುದು ಹಾಗೆಯೇ. ತ್ರಿಕೋನದ ನೆಟ್ಟಗಿನ ಕೊಳವೆಗಳು ಬಾಗಿ ಹೊಡೆತವನ್ನು ನುಂಗಿಕೊಳ್ಳುತ್ತವೆ, ಅವನ್ನು ಬದಲಾಯಿಸುವುದು ಮೂಳೆ ಕೂಡಿಸುವುದಕ್ಕಿಂತ ಬಹಳ ಅಗ್ಗ.

ಇಳಿಯುವ ಕಲೆ

ಅತಿ ಹೆಚ್ಚು ಅಭ್ಯಾಸ ಬೇಡುವ ಭಾಗ ಇದು. ಇಳಿಯುವುದು ಯಾವಾಗಲೂ ಗಾಳಿಗೆ ಎದುರಾಗಿ. ನೆಲಕ್ಕೆ ಹತ್ತಿರವಾದಂತೆ ಗಾಳಿಯ ವೇಗ ಕಡಿಮೆಯಾಗುತ್ತದೆ. ಆ ಪದರವನ್ನು ದಾಟುವಾಗ ರೆಕ್ಕೆ ತಟ್ಟನೆ ವೇಗ ಕಳೆದುಕೊಳ್ಳುತ್ತದೆ. ಅದಕ್ಕೇ ಕೊನೆಯ ಇಳಿಕೆಯಲ್ಲಿ ಬಾರ್ ಅನ್ನು ಒಳಗೆ ಎಳೆದುಕೊಂಡು ಹೆಚ್ಚುವರಿ ವೇಗ ಇಟ್ಟುಕೊಳ್ಳಬೇಕು. ನೆಲದ ತೀರಾ ಹತ್ತಿರ ಬಂದಾಗ ನಿಧಾನವಾಗಿ ಸಮತಟ್ಟಾಗಿಸಿ. ರೆಕ್ಕೆ ಮತ್ತು ನೆಲದ ನಡುವಿನ ಗಾಳಿಯ ಪ್ರಭಾವದಿಂದ ಗ್ಲೈಡರ್ ನಿಮ್ಮ ನಿರೀಕ್ಷೆಗಿಂತ ಬಹಳ ದೂರ ತೇಲಿಕೊಂಡು ಹೋಗುತ್ತದೆ, ವೇಗ ತಾನಾಗಿ ಕರಗುತ್ತದೆ. ತೇಲಲು ಬಿಡಿ. ಕೈಗಳು ನೆಟ್ಟಗಿನ ಕೊಳವೆಗಳ ಮೇಲೆ ಭುಜದ ಎತ್ತರದಲ್ಲಿರಲಿ, ದೇಹ ನೆಟ್ಟಗಾಗಲಿ, ಕಣ್ಣು ಮೈದಾನದ ಆಚೆ ತುದಿಯಲ್ಲಿರಲಿ.

ವೇಗ ಇಳಿದಂತೆ ಬಾರ್ ತಾನಾಗಿ ನಿಮ್ಮ ಕೈಗಳನ್ನು ಹಿಂದಕ್ಕೆ ಒತ್ತಲು, ಗ್ಲೈಡರ್ ಮೂಗು ತಗ್ಗಿಸಲು ಹವಣಿಸುವ ಒಂದು ಹಂತ ಬರುತ್ತದೆ. ಫ್ಲೇರ್ ಮಾಡಬೇಕಾದ ಹೊತ್ತು ಅದೇ: ಎರಡೂ ಕೈಗಳಿಂದ ಒಂದೇ ಬಲದಲ್ಲಿ, ಪೂರ್ತಿಯಾಗಿ, ಮೇಲಕ್ಕೆ ತಳ್ಳಿ ಹಿಡಿದು ನಿಲ್ಲಿ. ಮೂಗು ಆಕಾಶ ನೋಡುತ್ತದೆ, ರೆಕ್ಕೆ ಗಾಳಿಗೆ ಅಡ್ಡ ನಿಂತು ವೇಗವೆಲ್ಲ ಹೋಗುತ್ತದೆ, ನೀವು ಒಂದೆರಡು ಹೆಜ್ಜೆಯಲ್ಲಿ ನಿಲ್ಲುತ್ತೀರಿ. ಬೇಗ ತಳ್ಳಿದರೆ ಗ್ಲೈಡರ್ ಮೇಲಕ್ಕೇರುತ್ತದೆ. ಆಗ ಗಾಬರಿಯಿಂದ ಬಾರ್ ಹಿಂದಕ್ಕೆ ಎಳೆದುಕೊಂಡರೆ ಮೂಗು ಮುಂದಾಗಿ ನೆಲಕ್ಕೆ ಕುಕ್ಕುತ್ತದೆ. ಕೈಗಳನ್ನು ಅಲ್ಲಿಯೇ ತಡೆದು ಹಿಡಿದು, ಇಳಿಯಲು ತೊಡಗಿದಾಗ ಉಳಿದದ್ದನ್ನು ತಳ್ಳಿ ಮುಗಿಸಬೇಕು. ಗಾಳಿ ಜೋರಾಗಿರುವ ದಿನ ಇಷ್ಟು ದೊಡ್ಡ ಫ್ಲೇರ್ ಬೇಕಾಗುವುದಿಲ್ಲ. ಕಾಲಿನ ಮೇಲೆ ಇಳಿಯಲಾಗದು ಎನಿಸಿದಾಗ ಬಾರ್ ಹಿಡಿದು ಮಲಗಿದ ಭಂಗಿಯಲ್ಲೇ ಚಕ್ರಗಳ ಮೇಲೆ ಇಳಿಯುವುದು ಸಂಪೂರ್ಣ ಗೌರವದ ಲ್ಯಾಂಡಿಂಗ್.

ಹುಕ್

2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಟ್ಯಾಂಡಮ್ ಹಾರಾಟಕ್ಕೆ ಹೋದ ಪ್ರವಾಸಿಯೊಬ್ಬರ ಹಾರ್ನೆಸ್ ಅನ್ನು ಪೈಲಟ್ ಗ್ಲೈಡರ್‌ಗೆ ಸಿಕ್ಕಿಸಿರಲೇ ಇಲ್ಲ. ಗೊತ್ತಾದದ್ದು ನೆಲ ಬಿಟ್ಟ ಮೇಲೆ. ಎರಡು ನಿಮಿಷಕ್ಕೂ ಹೆಚ್ಚು ಕಾಲ ಅವರು ಬರಿಗೈಯಲ್ಲಿ ಜೋತುಬಿದ್ದಿದ್ದರು. ಮಣಿಕಟ್ಟು ಮುರಿದರೂ ಜೀವ ಉಳಿಯಿತು. ಆ ಗ್ಲೈಡರ್ ಹಾರಿಸುತ್ತಿದ್ದವರು ಹೊಸಬರೇನಲ್ಲ. ಗಾಳಿ ಬದಲಾಯಿತೆಂದು ಹುಕ್ ಬಿಚ್ಚಿ ಕಾಯುವುದು, ಬಿಟ್ಟುಹೋದ ಹೆಲ್ಮೆಟ್ ತರಲು ಹೋಗುವುದು, ಮತ್ತೆ ಬಂದು ನೇರ ರೆಕ್ಕೆ ಎತ್ತಿಕೊಳ್ಳುವುದು: ಮರೆವು ನುಸುಳುವುದು ಇಂಥ ಅಡಚಣೆಗಳ ನಡುವೆ.

ಆದ್ದರಿಂದ ಎರಡು ತಪಾಸಣೆ. ಮೊದಲನೆಯದು ಹ್ಯಾಂಗ್ ಚೆಕ್: ಸಂಗಾತಿಯೊಬ್ಬರು ಮೂಗು ಹಿಡಿದಿರಲು ನೀವು ಪೂರ್ತಿ ತೂಗಿ ಮಲಗಿ, ಸಿಕ್ಕಿಸುವ ಲೋಹದ ಕೊಂಡಿಗೆ (ಕ್ಯಾರಬಿನರ್) ಬೀಗ ಬಿದ್ದಿದೆಯೇ, ಕಾಲುಪಟ್ಟಿಗಳು ಹಾಕಿವೆಯೇ, ಬಾರ್‌ನಿಂದ ಎದೆ ಸರಿಯಾದ ಅಂತರದಲ್ಲಿದೆಯೇ ನೋಡುವುದು. ಎರಡನೆಯದು ಓಡುವುದಕ್ಕೆ ಕೆಲವೇ ಸೆಕೆಂಡು ಮೊದಲು: ಗ್ಲೈಡರ್ ಅನ್ನು ಮೇಲಕ್ಕೆತ್ತಿ ಕಾಲುಪಟ್ಟಿ ತೊಡೆಯನ್ನು ಜಗ್ಗುವುದನ್ನು ಅನುಭವಿಸುವುದು. ಹತ್ತು ನಿಮಿಷದ ಹಿಂದೆ ನೋಡಿದ್ದೆ ಎಂಬ ನೆನಪನ್ನು ನಂಬಬೇಡಿ. ಆ ಜಗ್ಗುವಿಕೆ ತೊಡೆಗೆ ತಿಳಿಯದೆ ಒಂದು ಹೆಜ್ಜೆಯನ್ನೂ ಇಡಬೇಡಿ.

ಗಾಳಿಯನ್ನು ಓದುವುದು

ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 20 ಕಿ.ಮೀ. ಇದ್ದದ್ದು 30 ಆದರೆ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಕಲಿಯುವವರಿಗೆ ಒಪ್ಪುವುದು ದಿಬ್ಬಕ್ಕೆ ನೇರ ಎದುರಾಗಿ ಬೀಸುವ, ಗಂಟೆಗೆ 10ರಿಂದ 20 ಕಿ.ಮೀ.ಯೊಳಗಿನ, ನಯವಾದ ಗಾಳಿ. ಸರಾಸರಿಗಿಂತ ಏರಿಳಿತ ಮುಖ್ಯ: 8 ಮತ್ತು 20ರ ನಡುವೆ ಹೊಯ್ದಾಡುವ ಗಾಳಿಗಿಂತ ಸ್ಥಿರವಾದ 18 ಎಷ್ಟೋ ಮೇಲು. ಬಿಸಿಲೇರಿದಂತೆ ನೆಲ ಕಾದು ಬಿಸಿಗಾಳಿಯ ಥರ್ಮಲ್‌ಗಳು ಏಳುತ್ತವೆ. ಅನುಭವಿಗಳಿಗೆ ಅವು ಮೇಲೇರುವ ಏಣಿ, ಹೊಸಬರಿಗೆ ಕುಲುಕಾಟ. ಬೆಳಗಿನ ಮೊದಲ ಗಂಟೆಗಳು ಮತ್ತು ಇಳಿಹೊತ್ತು ಕಲಿಕೆಗೆ ಸರಿಯಾದ ಸಮಯ.

ಗಾಳಿ ಬೀಸುವ ದಿಕ್ಕಿನಿಂದ ನೋಡಿದಾಗ ಗುಡ್ಡ, ಮರಗಳ ಸಾಲು, ಕಟ್ಟಡಗಳ ಹಿಂಬದಿಯಲ್ಲಿ ಗಾಳಿ ಸುರುಳಿ ಸುತ್ತುತ್ತದೆ. ರೋಟರ್ ಎಂದು ಕರೆಯುವ ಈ ಪ್ರದೇಶ ಕಣ್ಣಿಗೆ ಕಾಣದು, ರೆಕ್ಕೆಯನ್ನು ನೆಲಕ್ಕೆ ಒಗೆಯಬಲ್ಲದು. ಇಳಿಯುವ ಮೈದಾನ ಆರಿಸುವಾಗ ಗಾಳಿ ಬರುವ ಕಡೆ ಏನು ನಿಂತಿದೆ ಎಂದು ಮೊದಲು ನೋಡಿ. ಕಂಬಕ್ಕೆ ಕಟ್ಟಿದ ಗಾಳಿಚೀಲ (ವಿಂಡ್‌ಸಾಕ್), ಹೊಗೆ, ಹುಲ್ಲಿನ ಅಲೆ, ಕೆರೆಯ ನೀರಿನ ನಯವಾದ ಅಂಚು ಎಲ್ಲವೂ ದಿಕ್ಕು ಹೇಳುತ್ತವೆ. ಸಂಶಯ ಬಂದರೆ ಗ್ಲೈಡರ್ ಮಡಚಿ. ಮಡಚಿದ ದಿನ ಗಾಳಿ ಆಮೇಲೆ ಚೆನ್ನಾಯಿತೆಂದು ಪೇಚಾಡುವುದು ಪೈಲಟ್ ಜೀವನದ ಸಾಮಾನ್ಯ ಸಂಗತಿ, ಅದರಿಂದ ಯಾರಿಗೂ ಏನೂ ಆಗಿಲ್ಲ.

ಎತ್ತರಕ್ಕೆ ಹೊರಟಾಗ

ಮೊದಲ ಎತ್ತರದ ಹಾರಾಟಕ್ಕೆ ನೀವು ಸಿದ್ಧರೆಂದು ಹೇಳಬೇಕಾದವರು ಬೋಧಕರು. ಅಷ್ಟು ಹೊತ್ತಿಗೆ ದಿಬ್ಬದಲ್ಲಿ ಎರಡೂ ಬದಿಗೆ ಹಗುರ ತಿರುವು, ಗುರಿಯಿಟ್ಟ ಜಾಗದ ಹತ್ತಿರ ಇಳಿಯುವುದು ಕೈವಶವಾಗಿರಬೇಕು. ದೊಡ್ಡ ಖಾಲಿ ಮೈದಾನ, ಶಾಂತ ಗಾಳಿ, ಕಿವಿಯಲ್ಲಿ ರೇಡಿಯೊ, ಟೇಕಾಫ್‌ನಲ್ಲಿ ಒಬ್ಬರು ಮತ್ತು ಕೆಳಗೆ ಒಬ್ಬರು ಬೋಧಕರು. ಹಿಂದಿನ ದಿನವೇ ಇಳಿಯುವ ಮೈದಾನದಲ್ಲಿ ನಡೆದಾಡಿ ಬನ್ನಿ: ವಿದ್ಯುತ್ ತಂತಿಗಳು ಮೇಲಿನಿಂದ ಕಾಣುವುದಿಲ್ಲ, ಕಂಬಗಳು ಮಾತ್ರ ಕಾಣುತ್ತವೆ. ಎರಡು ಕಂಬಗಳ ನಡುವೆ ತಂತಿ ಇದ್ದೇ ಇದೆ ಎಂದು ಲೆಕ್ಕ ಹಾಕಿ.

ಮೇಲೆ ಹೋದಾಗ ಮೊದಲು ನೇರ ಹಾರಿ ಗುಡ್ಡದಿಂದ ದೂರ ಬನ್ನಿ. ವೇಗ ಹೆಚ್ಚಿಸಿ ತಗ್ಗಿಸಿ ಅನುಭವ ಪಡೆಯಿರಿ, ನಂತರ ಹಗುರ ತಿರುವುಗಳು. ಕೈ ಬಾರ್ ಅನ್ನು ಬಿಗಿಯಾಗಿ ಹಿಸುಕುತ್ತಿದ್ದರೆ ಬೆರಳುಗಳನ್ನು ಒಮ್ಮೆ ಸಡಿಲಿಸಿ. ಅತಿಯಾಗಿ ತಿದ್ದಲು ಹೋಗಿ ಗ್ಲೈಡರ್ ಎಡಬಲಕ್ಕೆ ತೊನೆಯುವುದು ಬಿಗಿ ಹಿಡಿತದಿಂದಲೇ. ಹಾಗೆ ತೊನೆಯಲು ತೊಡಗಿದರೆ ತಿದ್ದುವುದನ್ನು ನಿಲ್ಲಿಸಿ, ವೇಗ ತಗ್ಗಿಸಿ, ದೇಹವನ್ನು ನಡುವೆ ಇಟ್ಟುಕೊಳ್ಳಿ. ಗ್ಲೈಡರ್ ತಾನಾಗಿ ಶಾಂತವಾಗುತ್ತದೆ. ಇಳಿಯಲು ಬರುವಾಗ ಮೈದಾನದ ಪಕ್ಕದಲ್ಲಿ ಗಾಳಿಯ ಜೊತೆಗೆ, ಆಮೇಲೆ ಅಡ್ಡಲಾಗಿ, ಕೊನೆಗೆ ಗಾಳಿಗೆ ಎದುರಾಗಿ ನೇರ ಇಳಿಕೆ. ಅಡ್ಡ ಹಾದಿಯಲ್ಲಿರುವಾಗ ಎತ್ತರ ಹೆಚ್ಚಿದೆ ಎನಿಸಿದರೆ ಸ್ವಲ್ಪ ದೂರ ಸರಿದು ತಿರುಗಬಹುದು, ಕಡಿಮೆ ಎನಿಸಿದರೆ ಬೇಗ ತಿರುಗಬಹುದು. ಆದರೆ ಕೊನೆಯ ತಿರುವು ಎತ್ತರದಲ್ಲೇ ಮುಗಿಯಬೇಕು. ಮೈದಾನ ಮೀರಿ ಹೋಗುವುದು ಸಾಮಾನ್ಯವಾಗಿ ಮುಜುಗರದ ಸಂಗತಿ, ತಗ್ಗಿನಲ್ಲಿ ತಿರುಗುವುದು ಪ್ರಾಣಕ್ಕೆ ಬರುವ ಸಂಗತಿ.

ಆಮೇಲೆ ಬರುವ ದಿನಗಳಿಗೆ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹೊಸ ಜಾಗವಾದರೆ ಹಳೆಯ ಗ್ಲೈಡರ್, ಪರಿಚಿತ ಗಾಳಿ. ಹೊಸ ಗ್ಲೈಡರ್ ಆದರೆ ಪರಿಚಿತ ಜಾಗ, ಮೃದುವಾದ ಸಂಜೆ. ಎಚ್ಚರ ಹೆಚ್ಚು ಬೇಕಾಗುವುದು ಅಂಜಿಕೆ ಕಳೆದು ಆತ್ಮವಿಶ್ವಾಸ ಚಿಗುರಿದ ತಿಂಗಳುಗಳಲ್ಲಿ, ಕೈಗೆ ಚಳಕ ಬಂದಿದ್ದರೂ ಕೆಟ್ಟ ಗಾಳಿಯನ್ನು ಕಂಡ ಅನುಭವ ಇಲ್ಲದಿರುವಾಗ. ಲಾಗ್‌ಬುಕ್‌ನಲ್ಲಿ ಎಷ್ಟು ಹೊತ್ತು ಹಾರಿದೆ ಎಂಬುದರ ಪಕ್ಕದಲ್ಲೇ ಲ್ಯಾಂಡಿಂಗ್ ಹೇಗಾಯಿತೆಂದು ಒಂದು ಸಾಲು ಬರೆಯಿರಿ: ಕಾಲಿನ ಮೇಲೋ, ಮೊಣಕಾಲಿನ ಮೇಲೋ, ಚಕ್ರದ ಮೇಲೋ, ಗುರಿಯಿಂದ ಎಷ್ಟು ದೂರವೋ. ಎರಡು ಪದರದ ವೇಗದ ಗ್ಲೈಡರ್ ಕೊಳ್ಳುವ ಮನಸ್ಸಾದಾಗ ಆ ಪುಸ್ತಕವನ್ನು ತೆಗೆದುಕೊಂಡು ಹೋಗಿ ಬೋಧಕರ ಮುಂದೆ ಇಡಿ, ಲ್ಯಾಂಡಿಂಗ್ ಸಾಲುಗಳನ್ನಷ್ಟೇ ಓದಲು ಹೇಳಿ.